ಕೆಮ್ಮಿದಾಗ ಕೈ ಎಲ್ಲಿಗೆ ಹೋಗುತ್ತೆ?

ಬಸಳೆ ಆಮೇಲೆ ಕೊಯ್ಯಬಹುದು, ಒಂದು ನಿಮಿಷ ಬೇಲಿ ಹತ್ತಿರ ಬಾ. ಜೋರಾಗಿ ಹೇಳೋ ಮಾತಲ್ಲ. ನಿಮ್ಮನೆಯವರು ಬೆಳಿಗ್ಗೆ ಅಡಿಕೆ ಮೂಟೆ ಜಗುಲಿಗೆ ಎತ್ತಿ ಹಾಕ್ತಿದ್ದರಲ್ಲ, ನಾನು ದಾಸವಾಳ ಕೊಯ್ಯೋಕೆ ಬಂದವಳು ನೋಡಿದೆ. ಎರಡು ಸಲ ಕೆಮ್ಮಿದರು. ಎರಡು ಸಲವೂ ಬಲಗೈ ತೊಡೆಸಂದಿಗೆ ಹೋಯ್ತು, ಒತ್ತಿ ಹಿಡಿದುಕೊಂಡೇ ಕೆಮ್ಮಿದರು. 28 ವರ್ಷ ಆಪರೇಷನ್ ಥಿಯೇಟರಿನಲ್ಲಿ ನರ್ಸ್ ಆಗಿದ್ದವಳಿಗೆ ಅದನ್ನ ಬಿಡಿಸಿ ಹೇಳಬೇಕಾ? ಅಲ್ಲಿ ಗಂಟು ಇದೆ ತಾನೆ? ನಿಂತಾಗ ಉಬ್ಬುತ್ತೆ, ಮಲಗಿದರೆ ಒಳಗೆ ಹೋಗುತ್ತೆ?

ಎರಡು ವರ್ಷದಿಂದಲಾ! ನಿನಗೇ ಗೊತ್ತಾಗಿದ್ದು ಈ ಮಳೆಗಾಲದಲ್ಲಾ?

ಮೊಣಕೈ ಮೇಲೆ ಗಂಟು ಎದ್ದಿದ್ದರೆ ಮರುದಿನವೇ ಡಾಕ್ಟರ ಹತ್ತಿರ ಓಡ್ತಿದ್ದರು ಮಾರಾಯ್ತಿ. ಜಾಗ ಅಂಥದ್ದು, ನಾಚಿಕೆ. ಅಂಡವಾಯು ಅಂತ ಹೆಸರಿಟ್ಟು, ಹರಳೆಣ್ಣೆ ಹಚ್ಚಿ, ಲಂಗೋಟಿ ಬಿಗಿದು ಸುಮ್ಮನಾಗ್ತಾರೆ. ವಾಯುವೂ ಅಲ್ಲ, ಉಷ್ಣವೂ ಅಲ್ಲ. ಹೊಟ್ಟೆಯ ಗೋಡೆ ಒಂದು ಕಡೆ ಸಡಿಲವಾಗಿ ಬಿಟ್ಟಿದೆ, ಒಳಗಿನ ಕೊಬ್ಬೋ ಕರುಳೋ ಆ ಸಂದಿಯಲ್ಲಿ ಹೊರಗೆ ಬರ್ತಿದೆ, ಇದಕ್ಕೇ ಹರ್ನಿಯಾ ಅನ್ನೋದು. ಸೈಕಲ್ ಟೈರು ಹರಿದ ಕಡೆ ಟ್ಯೂಬು ಉಬ್ಬುತ್ತಲ್ಲ, ಹಾಗೆ. ಎಣ್ಣೆ, ಕಷಾಯ, ಮಾತ್ರೆ ಯಾವುದರಿಂದಲೂ ಆ ತೂತು ಮುಚ್ಚಲ್ಲ.

ಅವರು ಮಾಡಿದ ತಪ್ಪೂ ಅಲ್ಲ ಅದು. ಗಂಡುಮಗು ಬಸಿರಲ್ಲಿರುವಾಗ ಬೀಜ ಹೊಟ್ಟೆಯೊಳಗೇ ಇರುತ್ತೆ, ಹುಟ್ಟೋ ಮುಂಚೆ ಸ್ನಾಯುಗಳ ನಡುವಿನ ಒಂದು ಓಣಿಯಲ್ಲಿ ಜಾರಿ ಕೆಳಗೆ ಬರುತ್ತೆ. ಆ ಓಣಿ ಇರೋ ಜಾಗ ಬದುಕಿಡೀ ಬಲಹೀನವೇ. ಅದಕ್ಕೇ ಗಂಡಸರಲ್ಲಿ ಹೆಚ್ಚುಕಡಿಮೆ ನಾಲ್ವರಲ್ಲಿ ಒಬ್ಬರಿಗೆ ಒಂದಲ್ಲ ಒಂದು ಕಾಲಕ್ಕೆ ತೊಡೆಸಂದಿನ ಹರ್ನಿಯಾ ಬರುತ್ತೆ, ಹೆಂಗಸರಲ್ಲಿ 100ಕ್ಕೆ ಸುಮಾರು 3 ಮಂದಿಗೆ. ಮೂಟೆ ಎತ್ತೋದು, ಬೀಡಿ ಕೆಮ್ಮು, ಮಲಬದ್ಧತೆಗೆ ಮುಕ್ಕರಿಯೋದು, ವಯಸ್ಸಾದ ಮೇಲೆ ಮೂತ್ರಕ್ಕೆ ತಿಣುಕೋದು, ಇವೆಲ್ಲ ಆ ಬಲಹೀನ ಜಾಗವನ್ನ ಇನ್ನಷ್ಟು ತಳ್ಳುತ್ತವೆ.

ನಾನು ಯಾಕೆ ಇಷ್ಟು ಬೆನ್ನು ಹತ್ತಿದ್ದೀನಿ ಅಂದರೆ, ನಮ್ಮಪ್ಪ. ಹದಿನೈದು ವರ್ಷ ಪಂಚೆಯೊಳಗೆ ಬೆಲ್ಟ್ ಕಟ್ಟಿಕೊಂಡು ಓಡಾಡಿದರು. ಮಗಳು ಥಿಯೇಟರ್ ನರ್ಸು, ದಿನಾ ಇಂಥವನ್ನೇ ನೋಡೋಳು, ಅವಳಿಗೂ ಹೇಳಲಿಲ್ಲ. ಒಂದು ಸಂಜೆ ಗಂಟು ಒಳಗೆ ಹೋಗಲೇ ಇಲ್ಲ. ಕಲ್ಲಿನ ಹಾಗೆ ಗಟ್ಟಿಯಾಯ್ತು, ಮುಟ್ಟಿದರೆ ಜೀವ ಹೋಗೋ ನೋವು, ಆಮೇಲೆ ವಾಂತಿ. ಬೆಳಗಾಗಲಿ ಅಂತ ಬೆಲ್ಟ್ ಇನ್ನೂ ಬಿಗಿ ಮಾಡಿಕೊಂಡು ಮಲಗಿದರಂತೆ. ಕುತ್ತಿಗೆ ಹಿಸುಕಿದ ಹಾಗೆ ಆ ಸಂದಿ ಕರುಳನ್ನ ಹಿಸುಕಿತ್ತು, ರಕ್ತ ಹರೀತಿರಲಿಲ್ಲ. ನಾವು ತಲುಪೋ ಹೊತ್ತಿಗೆ ಒಂದು ಅಡಿ ಕರುಳು ಕಪ್ಪಾಗಿತ್ತು, ಕತ್ತರಿಸಿ ತೆಗೆದರು. ಟ್ರೇ ಹಿಡಿಯೋ ಕೆಲಸ ನನ್ನದಲ್ಲದಿದ್ದರೂ ನಾನೇ ಹಿಡಿದೆ. ಬದುಕಿಕೊಂಡರು, ಆದರೆ ಮೊದಲಿನ ಅಪ್ಪ ಮತ್ತೆ ಎದ್ದು ಬರಲಿಲ್ಲ.

ಅಳಬೇಡ. ನಿಮ್ಮನೆಯವರದ್ದು ಇನ್ನೂ ಒಳಗೆ ಹೋಗ್ತಿದೆಯಲ್ಲ, ಆ ಹಂತ ಬೇರೆ. ಎಲ್ಲರಿಗೂ ನಾಳೆಯೇ ಆಪರೇಷನ್ ಆಗಬೇಕು ಅಂತ ಇಲ್ಲ. ಅಮೆರಿಕದ ಕಡೆ ಹೆಚ್ಚು ತೊಂದರೆ ಇಲ್ಲದ 720 ಗಂಡಸರನ್ನ ಎರಡು ಗುಂಪು ಮಾಡಿ, ಒಂದಕ್ಕೆ ಆಪರೇಷನ್ ಮಾಡಿ, ಇನ್ನೊಂದನ್ನ ಬರೀ ಗಮನಿಸುತ್ತಾ ಇಟ್ಟು ನೋಡಿದ್ದರು, 2006ರಲ್ಲಿ ವರದಿ ಬಂತು. ಕಾದವರಲ್ಲಿ ಕರುಳು ಸಿಕ್ಕಿಕೊಂಡಿದ್ದು ತೀರಾ ಅಪರೂಪ. ಆದರೆ ಎರಡೇ ವರ್ಷದಲ್ಲಿ ಅವರಲ್ಲಿ ಕಾಲುಭಾಗ ಜನ, ಹತ್ತು ವರ್ಷದ ಹೊತ್ತಿಗೆ ಮೂರರಲ್ಲಿ ಎರಡು ಪಾಲು ಜನ, ಹೆಚ್ಚಾಗಿ ನೋವು ತಡೆಯದೆ, ತಾವೇ ಬಂದು ಮಾಡಿಸಿಕೊಂಡರು. ಕಾಯೋದಾದರೂ ಡಾಕ್ಟರು ನೋಡಿ ಹೇಳಿದ ಮೇಲೆ ಕಾಯಬೇಕು. ಇವರಿಗಂತೂ ಮೂಟೆ ಎತ್ತುವಾಗ ನೋಯ್ತಿದೆ, ಅಡಿಕೆ ಕೆಲಸ ಬಿಡೋಕಾಗಲ್ಲ. ನನ್ನ ಕೇಳಿದರೆ ಮಾಡಿಸೋದೇ ಸರಿ.

ಬೆಲ್ಟಾ? ತಾತ್ಕಾಲಿಕವಾಗಿ ಒತ್ತಿ ಹಿಡಿಯುತ್ತೆ, ವಾಸಿ ಮಾಡಲ್ಲ. ಒಳಗೆ ಹೋಗದ ಗಂಟಿನ ಮೇಲಂತೂ ಕಟ್ಟಲೇಬಾರದು.

ಆಪರೇಷನ್ ಹೇಗೆ ಅಂತ ಕೇಳಿದೆಯಲ್ಲ. ನಮ್ಮ ಸರ್ಜನ್ ಹೊಲಿಗೆ ಹಾಕ್ತಾ ಇದರ ಕಥೆಯನ್ನೇ ಹೇಳ್ತಿದ್ದರು. ಇಟಲಿಯ ಪಾಡುವಾದಲ್ಲಿ ಬಸ್ಸಿನಿ ಅನ್ನೋರು 1880ರ ದಶಕದಲ್ಲಿ ಗೋಡೆಯ ಪದರಗಳನ್ನ ಸರಿಯಾಗಿ ಸೇರಿಸಿ ಹೊಲಿಯೋದು ಹೇಗೆ ಅಂತ ತೋರಿಸಿಕೊಟ್ಟರು. ನೂರು ವರ್ಷ ಅದೇ ದಾರಿ. ಆದರೆ ಹರಿದ ಬಟ್ಟೆಯ ಎರಡಂಚು ಎಳೆದು ಹೊಲಿದರೆ ಜಗ್ಗುತ್ತಲ್ಲ? 1980ರ ದಶಕದಲ್ಲಿ ಲಾಸ್ ಏಂಜಲೀಸ್‌ನ ಲಿಚ್‌ಟೆನ್‌ಸ್ಟೈನ್ ಎಳೆಯೋದನ್ನೇ ಬಿಟ್ಟು ಮೇಲೆ ತೇಪೆ ಹಾಕಿದರು, ಪಾಲಿಪ್ರೊಪಿಲೀನ್ ಬಲೆಯ ತೇಪೆ. ಮೈಯ ಮಾಂಸ ಆ ಬಲೆಯ ಕಣ್ಣುಗಳಲ್ಲಿ ಬೆಳೆದು ಗಟ್ಟಿಯಾಗುತ್ತೆ. ಮರುಕಳಿಸೋದು ತುಂಬಾ ಕಮ್ಮಿಯಾಯ್ತು.

ಬಲೆ ದುಬಾರಿ ಅಂತ ಬಡವರಿಗೆ ಅದು ಸಿಗ್ತಿರಲಿಲ್ಲ. ಇಲ್ಲೇ ಮಹಾರಾಷ್ಟ್ರದ ಧುಳೆ ಜಿಲ್ಲೆಯ ದೊಂಡಾಯಿಚಾ ಅನ್ನೋ ಊರಲ್ಲಿ ಡಾ. ರವೀಂದ್ರನಾಥ ತೊಂಗಾಂವ್ಕರ್ ಸೊಳ್ಳೆಪರದೆಯ ಬಟ್ಟೆ ತಂದು, ಕತ್ತರಿಸಿ, ಕ್ರಿಮಿಶುದ್ಧ ಮಾಡಿ ಅದನ್ನೇ ಹಾಕಿದರು. ನಗಬೇಡ, ಅದರ ನೂಲೂ ಅದೇ ಜಾತಿಯ ಪ್ಲಾಸ್ಟಿಕ್ಕು. ಆಮೇಲೆ ಉಗಾಂಡಾದಲ್ಲಿ 302 ಗಂಡಸರ ಮೇಲೆ ಅಂಥ ಅಗ್ಗದ ಬಲೆ, ಕಂಪನಿ ಬಲೆ ಎರಡನ್ನೂ ಹೋಲಿಸಿ ನೋಡಿದರು, ಒಂದು ವರ್ಷದ ಮೇಲೆ ಹೇಳಿಕೊಳ್ಳೋ ವ್ಯತ್ಯಾಸ ಕಾಣಲಿಲ್ಲ. 2016ರಲ್ಲಿ ಅದು ಪ್ರಕಟವಾಯ್ತು. ಈ ಕಥೆ ನೆನೆದಾಗೆಲ್ಲ ನನಗೆ ಆ ಡಾಕ್ಟರಿಗೆ ಕೈಮುಗಿಯಬೇಕು ಅನ್ನಿಸುತ್ತೆ.

ಹೊಟ್ಟೆಗೆ ಸಣ್ಣ ತೂತು ಕೊರೆದು ಕ್ಯಾಮೆರಾ ಬಿಟ್ಟು ಒಳಗಡೆಯಿಂದ ಬಲೆ ಇಡೋ ಲ್ಯಾಪ್ರೊಸ್ಕೋಪಿಯೂ ಇದೆ. ಎರಡೂ ಕಡೆ ಹರ್ನಿಯಾ ಇದ್ದರೆ, ಹಿಂದೆ ತೆರೆದು ಮಾಡಿದ್ದು ಮತ್ತೆ ಬಂದಿದ್ದರೆ ಅದು ಒಳ್ಳೇದು. ಬೇಗ ಕೆಲಸಕ್ಕೆ ಏಳಬಹುದು, ಆದರೆ ಪೂರ್ತಿ ಅರಿವಳಿಕೆ ಬೇಕು. ಒಂದೇ ಕಡೆಯದಾದರೆ, ಕೈ ಪಳಗಿದ ಸರ್ಜನ್ ತೆರೆದು ಮಾಡಿದರೂ ಚೆನ್ನಾಗೇ ಆಗುತ್ತೆ, ಸೊಂಟಕ್ಕೆ ಇಂಜೆಕ್ಷನ್ ಸಾಕು. ಕೆಲವರಿಗೆ ಆ ಜಾಗ ಮರಗಟ್ಟಿದ ಹಾಗೆ, ಇಲ್ಲ ತಿಂಗಳುಗಟ್ಟಲೆ ನೋವು ಉಳಿಯೋದುಂಟು, ಅದನ್ನ ಮುಚ್ಚಿಡಲ್ಲ ನಾನು. ಮರುದಿನ ನಡೆದಾಡ್ತಾರೆ. ಮೂಟೆ ಮಾತ್ರ ಒಂದೂವರೆ ತಿಂಗಳು ಮುಟ್ಟಕೂಡದು, ಬೀಡಿ ಇವತ್ತಿನಿಂದಲೇ ಬಿಡಲಿ.

ಅಂದ ಹಾಗೆ ನಿನ್ನ ಮೊಮ್ಮಗುವಿನ ಹೊಕ್ಕುಳಿನ ಮೇಲೆ ರೂಪಾಯಿ ನಾಣ್ಯ ಕಟ್ಟಿದ್ದೀರಲ್ಲ, ಬಿಚ್ಚು. ಹೊಕ್ಕುಳು ಉಬ್ಬಿರೋದು ನಾಲ್ಕೈದು ವರ್ಷದೊಳಗೆ ಬಹುಪಾಲು ಮಕ್ಕಳಲ್ಲಿ ತಾನೇ ಮುಚ್ಚಿಕೊಳ್ಳುತ್ತೆ. ನಾಣ್ಯದಡಿ ಬೆವತು ಹುಣ್ಣಾಗುತ್ತೆ ಅಷ್ಟೆ. ಮಗುವಿನ ತೊಡೆಸಂದಲ್ಲಿ ಗಂಟು ಕಂಡರೆ ಮಾತ್ರ ಕಾಯೋ ಹಾಗಿಲ್ಲ, ಅದು ತಾನಾಗಿ ಮುಚ್ಚಲ್ಲ. ನಿನ್ನ ಸಿಸೇರಿಯನ್ ಗಾಯದ ಹತ್ತಿರ ಏನಾದರೂ ಉಬ್ಬಿದರೆ ನೀನೂ ತೋರಿಸು.

ತಾಲ್ಲೂಕು ಆಸ್ಪತ್ರೆಯಲ್ಲಿ ಬುಧವಾರ ಸರ್ಜನ್ ಇರ್ತಾರೆ. ರೇಷನ್ ಕಾರ್ಡು, ಆಧಾರ್ ತಗೊಳ್ಳಿ. ಅಷ್ಟರೊಳಗೆ ಗಂಟು ಗಟ್ಟಿಯಾಗಿ ಒಳಗೆ ಹೋಗದಿದ್ದರೆ, ವಾಂತಿ ಬಂದರೆ, ರಾತ್ರಿ ಎಷ್ಟೊತ್ತಾದರೂ ನನ್ನ ಕೂಗು. ಬುಧವಾರ ಎಂಟೂವರೆ ಬಸ್ಸಿಗೆ ನಾನೂ ಬರ್ತೀನಿ. ಪರೀಕ್ಷೆ ಮಾಡುವಾಗ ಹೊರಗೇ ಕೂತಿರ್ತೀನಿ ಅಂತ ಅವರಿಗೆ ಮೊದಲೇ ಹೇಳಿಬಿಡು, ಇಲ್ಲದಿದ್ದರೆ ನನ್ನ ನೋಡಿ ನಾಚಿಕೊಂಡು ಬಸ್ಸೇ ಹತ್ತಲ್ಲ.