ಫಿಲ್ಟರ್ ರಾಯರು

ಬೆಂಗಳೂರಿನ ಹೊರವರ್ತುಲ ರಸ್ತೆಯ ಯಾವ ಟೆಕ್‌ಪಾರ್ಕಿಗಾದರೂ ಹೋಗಿ, ಯಾವ ಮಹಡಿಯಲ್ಲಾದರೂ ಲಿಫ್ಟಿನಿಂದ ಇಳಿಯಿರಿ. ಫಿಲ್ಟರ್ ರಾಯರು ಅಲ್ಲಿ ಸಿಕ್ಕೇ ಸಿಗುತ್ತಾರೆ. ಒಂದು ಕಂಪನಿಯಲ್ಲಿ ಅವರು ಗೌಡರು, ಇನ್ನೊಂದರಲ್ಲಿ ಪಾಟೀಲರು, ಮತ್ತೊಂದರಲ್ಲಿ ಮೇಡಂ. ಪ್ರಾಜೆಕ್ಟ್ ಮ್ಯಾನೇಜರ್, ಪ್ರೋಗ್ರಾಂ ಮ್ಯಾನೇಜರ್, ಡೆಲಿವರಿ ಹೆಡ್ ಎಂದು ಅವರ ಹುದ್ದೆ ಪ್ರತಿ ಬಡ್ತಿಗೂ ಒಂದಿಷ್ಟು ಉಬ್ಬುತ್ತದೆ. ಕೆಲಸ ಮಾತ್ರ ಅದೇ. ಕಂಪನಿಯಲ್ಲಿ ನಡೆದಿರುವುದರ ಪೈಕಿ ಯಾವುದು ಯಾರ ಕಣ್ಣಿಗೆ ಬೀಳಬೇಕು ಎಂದು ಗೊತ್ತುಮಾಡುವುದು.

ಗುರುತು ಹಿಡಿಯುವುದು ಸುಲಭ. "ಪ್ರಾಜೆಕ್ಟ್ ಹೇಗಿದೆ ಸರ್?" ಎಂದರೆ ಬೇರೆಯವರು ಚೆನ್ನಾಗಿದೆ ಅಂತಲೋ ಹಾಳಾಗಿದೆ ಅಂತಲೋ ಹೇಳುತ್ತಾರೆ. ರಾಯರು ಕನ್ನಡಕ ಏರಿಸಿಕೊಂಡು, "ಯಾವ ವ್ಯೂನಲ್ಲಿ?" ಎಂದು ಕೇಳುತ್ತಾರೆ. ಪ್ರಶ್ನೆ ಕೇಳಿದವರಿಗೆ ತಾವೇ ಏನೋ ತಪ್ಪು ಕೇಳಿದೆವೆಂದು ಅನ್ನಿಸಿ, "ಯಾವುದಾದ್ರೂ ಪರವಾಗಿಲ್ಲ ಸರ್" ಎಂದು ಹಿಂದೆ ಸರಿಯುತ್ತಾರೆ. ರಾಯರಿಗೆ ಬೇಕಾದದ್ದೂ ಅದೇ.

ರಾಯರು ಹುಟ್ಟಿದ ಕಾಲ ಒಳ್ಳೆಯದು. ಕೆಲಸದ ಪ್ರಗತಿಯನ್ನು ಉದ್ದುದ್ದ ಪಟ್ಟಿಗಳಲ್ಲಿ ತೋರಿಸುವ ಚಾರ್ಟನ್ನು ಜನಪ್ರಿಯಗೊಳಿಸಿದ ಅಮೆರಿಕದ ಹೆನ್ರಿ ಗ್ಯಾಂಟ್ 1919ರಲ್ಲಿ ತೀರಿಕೊಂಡರು. ಆ ಚಾರ್ಟು ಕಾಗದದ್ದು. ಗೋಡೆಗೆ ಹಾಕಿದರೆ ಹಿಂದೆ ಬಿದ್ದ ಕೆಲಸ ಮಾಲೀಕನಿಂದ ಹಿಡಿದು ಕಸ ಗುಡಿಸುವವನವರೆಗೆ ಎಲ್ಲರಿಗೂ ಕಾಣುತ್ತಿತ್ತು. ಮರೆಮಾಡಬೇಕೆಂದರೆ ಮ್ಯಾನೇಜರು ಅದಕ್ಕೆ ಬೆನ್ನು ಕೊಟ್ಟು ಮೀಟಿಂಗ್ ಮುಗಿಯುವ ತನಕ ನಿಂತಿರಬೇಕಿತ್ತು. 2002ರಲ್ಲಿ ಸಿಡ್ನಿಯ ಅಟ್ಲಾಸಿಯನ್ ಕಂಪನಿಯವರು ಕೆಲಸಗಳ ಲೆಕ್ಕವಿಡುವ ಜಿರಾ ತಂತ್ರಾಂಶ ತಂದರು. ಎಕ್ಸೆಲ್ 2010ರಲ್ಲಿ, ಒತ್ತಿದರೆ ಬೇಕಾದ್ದನ್ನಷ್ಟೇ ತೋರಿಸುವ ಸ್ಲೈಸರ್ ಎಂಬ ಗುಂಡಿಗಳ ಸಾಲು ಬಂತು. ಆಮೇಲೆ ಅಂಕಿಗಳನ್ನು ಚಿತ್ರಗಳಾಗಿ ತೋರಿಸುವ ಪವರ್ ಬಿಐ ಬಂತು. ಮ್ಯಾನೇಜರುಗಳ ಬೆನ್ನುನೋವು ಒಂದೊಂದಾಗಿ ವಾಸಿಯಾಯಿತು.

ರಾಯರ ಕೈಚಳಕವನ್ನು ನೋಡಬೇಕಾದರೆ ಕ್ಲೈಂಟ್ ರಿವ್ಯೂಗೆ ಅರ್ಧ ಗಂಟೆ ಮುಂಚೆ ಅವರ ಪಕ್ಕದಲ್ಲಿ ಕೂರಬೇಕು. 100 ಕೆಲಸಗಳಿವೆ ಎನ್ನಿ, 40 ಮುಗಿದಿವೆ. ಡ್ಯಾಶ್‌ಬೋರ್ಡು ಕೆಂಡದಂತೆ ಕೆಂಪಗಿದೆ. ರಾಯರು ಗಾಬರಿಯಾಗುವುದಿಲ್ಲ. "ಮುಂದಿನ ಹಂತದ್ದು ಈಗ್ಯಾಕೆ?" ಎಂದು ಒಂದು ಟಿಕ್ ತೆಗೆಯುತ್ತಾರೆ, 20 ಕೆಲಸ ಮರೆಯಾಗಿ 80ರಲ್ಲಿ 40 ಮುಗಿದಂತಾಗುತ್ತದೆ, ಶೇ. 50. "ಇವು ಕ್ಲೈಂಟ್ ಉತ್ತರಕ್ಕೆ ಕಾಯ್ತಿರೋವು, ನಮ್ಮ ತಪ್ಪೇನಿದೆ?" ಇನ್ನೊಂದು ಟಿಕ್, 24 ಹೋದವು, ಶೇ. 71. "ಈ 6 ಇನ್ನೊಂದು ಟೀಮಿಂದ ಬ್ಲಾಕ್ ಆಗಿವೆ." ಅವೂ ಹೋದವು. ಉಳಿದ 50ರಲ್ಲಿ 40 ಮುಗಿದಿವೆ, ಶೇ. 80. ಡ್ಯಾಶ್‌ಬೋರ್ಡು ಮಲೆನಾಡಾಗುತ್ತದೆ. ಅರ್ಧ ಗಂಟೆಯಲ್ಲಿ ಯಾರೂ ಒಂದು ಸಾಲು ಕೋಡ್ ಬರೆದಿಲ್ಲ, ಪ್ರಗತಿ ಮಾತ್ರ ಎರಡರಷ್ಟಾಗಿದೆ. ಇದರಲ್ಲಿ ಸುಳ್ಳು ಎಲ್ಲಿದೆ ಎಂದು ಹುಡುಕಿದರೆ ಸಿಗುವುದಿಲ್ಲ. ಪ್ರತಿ ಟಿಕ್ಕಿಗೂ ಒಂದು ಕಾರಣವಿದೆ, ಪ್ರತಿ ಕಾರಣವೂ ನಿಜವೇ.

ಖಾಲಿ ಖಾನೆಯ ಮಹಿಮೆಯನ್ನು ರಾಯರಷ್ಟು ಅರಿತವರಿಲ್ಲ. ಗಡುವು ಮೀರಿದ ಕೆಲಸಗಳನ್ನು ತೋರಿಸು ಎಂದು ಜಿರಾವನ್ನು ಕೇಳಿದರೆ, ಗಡುವನ್ನೇ ಬರೆಯದ ಕೆಲಸಗಳು ಆ ಪಟ್ಟಿಯಲ್ಲಿ ಬರುವುದಿಲ್ಲ. ದಿನಾಂಕವೇ ಇಲ್ಲದ್ದು ತಡವಾಗುವುದಾದರೂ ಹೇಗೆ? ಆದ್ದರಿಂದ ತೀರಾ ತೊಡಕಿನ ಕೆಲಸ ಬಂದರೆ ರಾಯರು, "ಡೇಟ್ ಆಮೇಲೆ ಹಾಕೋಣ, ಮೊದಲು ಸ್ಕೋಪ್ ಅರ್ಥಮಾಡ್ಕೊಳ್ಳೋಣ" ಎನ್ನುತ್ತಾರೆ. ಅಂಥ ಕೆಲಸ ಎರಡು ದೀಪಾವಳಿ ಕಂಡರೂ ಪಟ್ಟಿಯ ಲೆಕ್ಕದಲ್ಲಿ ಎಳೆಗೂಸೇ.

ಎಕ್ಸೆಲ್ ಹಾಳೆಗೆ ಫಿಲ್ಟರ್ ಹಾಕಿದರೆ ಎಡಗಡೆಯ ಸಾಲಿನ ಸಂಖ್ಯೆಗಳು ನೀಲಿಯಾಗುತ್ತವೆ, ಕೆಳಗೆ ಮೂಲೆಯಲ್ಲಿ 87ರಲ್ಲಿ 12 ಸಿಕ್ಕಿವೆ ಎಂಬಂಥ ಒಂದು ಸಣ್ಣ ಸಾಲು ಬರುತ್ತದೆ. ಹಾಗಾಗಿ ರಾಯರು ಕಳಿಸುವ ಸ್ಕ್ರೀನ್‌ಶಾಟಿನಲ್ಲಿ ಎಡಗಡೆ ಅಂಗುಲದಷ್ಟು, ಕೆಳಗೆ ಅಂಗುಲದಷ್ಟು ಕತ್ತರಿಸಿರುತ್ತದೆ. ಕೇಳಿದರೆ "ನೀಟಾಗಿ ಕಾಣ್ಲಿ ಅಂತ" ಎನ್ನುತ್ತಾರೆ. ಒಂದು ಸಲ ಕತ್ತರಿಸುವುದು ಸಾಲದೆ ಹೋಯಿತು. ಪಟ್ಟಿಯಲ್ಲಿ ಕಾಣುತ್ತಿದ್ದದ್ದು ಹನ್ನೆರಡು ಸಾಲು, ಕೆಳಗಿದ್ದ ಒಟ್ಟು ಮೊತ್ತ ಮಾತ್ರ ಅವುಗಳನ್ನು ಕೂಡಿದರೆ ಬರುವುದಕ್ಕಿಂತ ಎಷ್ಟೋ ದೊಡ್ಡದು. ಎಕ್ಸೆಲ್‌ನ ಸಮ್ ಸೂತ್ರ ಬಚ್ಚಿಟ್ಟ ಸಾಲುಗಳನ್ನೂ ಸೇರಿಸಿಕೊಂಡೇ ಕೂಡುತ್ತದೆ. ಫಿಲ್ಟರಿಗೆ ತಕ್ಕಂತೆ ಕುಣಿಯುವುದು ಸಬ್‌ಟೋಟಲ್ ಸೂತ್ರ. ಅಕೌಂಟ್ಸಿನವರು ಇದನ್ನು ಎತ್ತಿ ತೋರಿಸಿದಾಗ ರಾಯರು ಒಂದು ಕ್ಷಣವೂ ತಡವರಿಸಲಿಲ್ಲ. "ಮೊತ್ತ ಕಂಪನಿ ದೃಷ್ಟಿಯಿಂದ, ಸಾಲುಗಳು ಟೀಮ್ ದೃಷ್ಟಿಯಿಂದ" ಎಂದರು. ಅಕೌಂಟ್ಸಿನವರು ಅದನ್ನು ಬರೆದುಕೊಂಡೂ ಹೋದರು.

ಪವರ್ ಬಿಐ ಬಂದ ಮೇಲಂತೂ ರಾಯರದು ಪೂರ್ಣಾವತಾರ. ಅಲ್ಲಿ ಒಂದು ಚಿತ್ರದ ಕಂಬವನ್ನು ಒತ್ತಿದರೆ ಪುಟದ ಉಳಿದ ಚಿತ್ರಗಳೂ ಅದಕ್ಕೆ ತಕ್ಕಂತೆ ಬದಲಾಗುತ್ತವೆ. ಒಂದು ಪುಟದ ಸ್ಲೈಸರನ್ನು ಇನ್ನೊಂದು ಪುಟಕ್ಕೂ ಅನ್ವಯಿಸಿ, ಅಲ್ಲಿ ಅದು ಕಾಣದಂತೆ ಇಡಲೂಬಹುದು. ಈಚೆಗೆ ಸೇರಿದ ಹುಡುಗಿಯೊಬ್ಬಳು ರಿವ್ಯೂ ಮಧ್ಯೆ ಕೈ ಎತ್ತಿದಳು.

"ಸರ್, ಪೇಮೆಂಟ್ ಮಾಡ್ಯೂಲಿನ ಬಗ್ಸ್ ನಿನ್ನೆ ಇದ್ವಲ್ಲ, ಎಲ್ಲಿ ಹೋದ್ವು?"

"ಎಲ್ಲೂ ಹೋಗಿಲ್ಲಮ್ಮ. ಇಲ್ಲೇ ಇವೆ."

"ಕಾಣ್ತಿಲ್ವಲ್ಲ ಸರ್?"

"ಕಾಣೋದು ಬೇರೆ, ಇರೋದು ಬೇರೆ."

ಮೀಟಿಂಗಿನಲ್ಲಿದ್ದ ದೊಡ್ಡವರೊಬ್ಬರು ಇದನ್ನು ಅದ್ವೈತವೆಂದು ತಿಳಿದು ತಲೆದೂಗಿದರು. ಮುಂದಿನ ಸ್ಲೈಡಿಗೆ ಹೋಗಲಾಯಿತು.

ಕಚೇರಿಯಲ್ಲಿ ಸೋಲದ ರಾಯರು ಸೋತದ್ದು ಮನೆಯಲ್ಲಿ. ಹೊಸ ಮನೆಯ ಗೃಹಪ್ರವೇಶಕ್ಕೆ ಅವರು ಎಕ್ಸೆಲ್ ಹಾಳೆ ಮಾಡಿದ್ದರು. ಪುರೋಹಿತರು, ಶಾಮಿಯಾನ, ಅಡುಗೆಯವರು, ಹೂವು, ನೆಂಟರ ಓಡಾಟ, ಎಲ್ಲಕ್ಕೂ ಒಬ್ಬೊಬ್ಬರ ಹೆಸರು. ಭಾವಮೈದುನ ತನ್ನ ಹೆಸರು ಒತ್ತಿದರೆ ತನ್ನ ಕೆಲಸ ಕಾಣಬೇಕು, ಷಡ್ಡಕ ತನ್ನ ಹೆಸರು ಒತ್ತಿದರೆ ತನ್ನದು. ಫಿಲ್ಟರಿನ ಪಟ್ಟಿಯ ತುದಿಯಲ್ಲಿ ಖಾಲಿ ಖಾನೆಗಳದ್ದೂ ಒಂದು ಟಿಕ್ ಇರುತ್ತದೆ. ನೋಡಲು ಅಸಹ್ಯ ಎಂದು ರಾಯರು ಅದನ್ನು ತೆಗೆದಿದ್ದರು. ಹಿಂದಿನ ರಾತ್ರಿ ಪ್ರತಿಯೊಬ್ಬರ ಹೆಸರನ್ನೂ ಒತ್ತಿ ನೋಡಿದರು. ಎಲ್ಲೆಲ್ಲೂ ಹಸಿರು. "ನಿಶ್ಚಿಂತೆಯಾಗಿ ಮಲಗು" ಎಂದು ಹೆಂಡತಿಗೆ ಹೇಳಿ ತಾವೂ ಮಲಗಿದರು.

ಮರುದಿನ ಹೋಮವಾಯಿತು, ಹಾಲು ಉಕ್ಕಿತು, ಅಡುಗೆಯ ಘಮ ಬೀದಿಯವರೆಗೆ ಹಬ್ಬಿತು, ಮೊದಲ ಪಂಕ್ತಿ ಕೂತಿತು. ಬಡಿಸುವವರು ಉಪ್ಪಿನ ಪಾತ್ರೆ ಹಿಡಿದು ನಿಂತರು. ಎಲೆ ಇಲ್ಲ.

"ರೀ, ಬಾಳೆ ಎಲೆ ಯಾರಿಗೆ ಹೇಳಿದ್ರಿ?"

ಯಾರಿಗೂ ಹೇಳಿರಲಿಲ್ಲ. ಹೆಸರಿನ ಖಾನೆ ಖಾಲಿ ಇದ್ದದ್ದರಿಂದ ಎಲೆ ಯಾರ ಪಾಲಿಗೂ ಬರದೆ, ಯಾರ ಪರದೆಯಲ್ಲೂ ಕಾಣದೆ, ಹಾಳೆಯ 43ನೇ ಸಾಲಿನಲ್ಲಿ ಸುಮ್ಮನೆ ಕೂತಿತ್ತು. ಷಡ್ಡಕರ ಮಗ ಸ್ಕೂಟರ್ ಏರಿ ಕೆ.ಆರ್. ಮಾರ್ಕೆಟ್ಟಿಗೆ ಓಡಿದ. ಅವನು ಬರುವ ತನಕ ನೂರು ಜನ ಖಾಲಿ ನೆಲವನ್ನು ನೋಡುತ್ತ ಕೂತರು. ದೊಡ್ಡಪ್ಪನವರು ಮಾತ್ರ ಸುಮ್ಮನಿರಲಿಲ್ಲ. "ನಿನ್ನ ಆ ಡ್ಯಾಶ್‌ಬೋರ್ಡು ಹಸಿರಾಗಿದೆ ಅಂದ್ಯಲ್ಲ ಮಗು, ಅದನ್ನೇ ಹಾಸು, ಬಡಿಸ್ತಾರೆ" ಎಂದರು.

ಇಷ್ಟೆಲ್ಲ ಹೇಳಿದ ಮೇಲೂ ರಾಯರನ್ನು ಕಳ್ಳರೆಂದು ತಿಳಿಯುವುದು ಅನ್ಯಾಯ. ಜಿರಾದಲ್ಲಿ ಉಳಿಸಿಟ್ಟ ಫಿಲ್ಟರನ್ನು ಬೇರೆಯವರಿಗೆ ತೋರಿಸಲೂಬಹುದು, ತನಗೊಬ್ಬನಿಗೇ ಇಟ್ಟುಕೊಳ್ಳಲೂಬಹುದು. ರಾಯರ ಖಾತೆಯಲ್ಲಿ ಅಂಥ ಖಾಸಗಿ ಫಿಲ್ಟರ್ ಒಂದಿದೆ. ಗಡುವು ಬರೆಯದ ಕೆಲಸಗಳು, ಯಾರ ಹೆಸರೂ ಇಲ್ಲದವು, ಮೂರು ವಾರದಿಂದ ಯಾರೂ ಮುಟ್ಟದವು, ಹಗಲಿನಲ್ಲಿ ಅವರೇ ಟಿಕ್ ತೆಗೆದು ಮರೆಮಾಡಿದ ಅಷ್ಟೂ ಅದರಲ್ಲಿ ಬರುತ್ತವೆ. ರಾತ್ರಿ ಎಲ್ಲರೂ ಕ್ಯಾಬ್ ಹತ್ತಿದ ಮೇಲೆ ರಾಯರು ಅದನ್ನು ತೆರೆದು, ಒಂದೊಂದಕ್ಕೂ ಯಾರನ್ನು ಹಿಡಿಯುವುದು, ಯಾರ ಕಾಲು ಕಟ್ಟುವುದು ಎಂದು ನೋಟ್‌ಬುಕ್ಕಿನಲ್ಲಿ ಗುರುತು ಹಾಕಿಕೊಳ್ಳುತ್ತಾರೆ. ಪ್ರಾಜೆಕ್ಟಿನ ನಿಜವಾದ ಸ್ಥಿತಿ ಕಂಪನಿಯಲ್ಲಿ ಚೆನ್ನಾಗಿ ಗೊತ್ತಿರುವುದು ಅವರೊಬ್ಬರಿಗೇ. ಬಚ್ಚಿಟ್ಟವನಿಗಲ್ಲವೇ ಜಾಗ ನೆನಪಿರುವುದು!

ಅವರು ಬಚ್ಚಿಡುವುದಕ್ಕೂ ಕಾರಣವಿದೆ. ಹಿಂದೊಮ್ಮೆ ಎಲ್ಲ ಟಿಕ್ಕುಗಳನ್ನೂ ಹಾಗೇ ಬಿಟ್ಟು, ಕೆಂಪನ್ನು ಕೆಂಪಾಗಿಯೇ ತೋರಿಸಿದ ಮ್ಯಾನೇಜರೊಬ್ಬರಿದ್ದರು. ಆ ಮೀಟಿಂಗಿನಲ್ಲಿ ಕೆಲಸದ ಬಗ್ಗೆ ಯಾರೂ ಕೇಳಲಿಲ್ಲ. ಬಣ್ಣದ ಬಗ್ಗೆ ಒಂದೂವರೆ ಗಂಟೆ ಬೈದರು. ಮುಂದಿನ ತಿಂಗಳು ಆ ಕುರ್ಚಿಗೆ ರಾಯರು ಬಂದರು. ಹಸಿರನ್ನಷ್ಟೇ ಬೇಡುವ ಮೇಲಿನವರು ಇರುವವರೆಗೆ ಹಸಿರನ್ನಷ್ಟೇ ಬೆಳೆಯುವ ರಾಯರಿಗೆ ಬರವಿಲ್ಲ.

ಆದ್ದರಿಂದ ರಿವ್ಯೂಗಳಲ್ಲಿ ತಲೆದೂಗುವ ದೊಡ್ಡವರಲ್ಲಿ ಒಂದು ವಿನಂತಿ. ಶೇಕಡಾ ಎಷ್ಟು ಎಂದು ಕೇಳಬೇಡಿ, ಎಷ್ಟರಲ್ಲಿ ಎಷ್ಟು ಎಂದು ಕೇಳಿ. ಆಮೇಲೆ, "ರಾಯರೇ, ಫಿಲ್ಟರ್ ಎಲ್ಲ ತೆಗೆದು ಒಮ್ಮೆ ತೋರಿಸಿ" ಎನ್ನಿ. ಪರದೆ ಕೆಂಪಾದಾಗ ದನಿ ಏರಿಸದೆ, "ಇದರಲ್ಲಿ ನಾವೇನು ಮಾಡಬಹುದು?" ಎಂದು ಕೇಳಿ ನೋಡಿ. ರಾತ್ರಿಯ ಆ ಖಾಸಗಿ ಪಟ್ಟಿಯನ್ನು ರಾಯರು ಹಗಲಲ್ಲೇ ತೆರೆಯುತ್ತಾರೆ. ಕೆಲಸಗಳೂ ಮುಗಿಯಲು ಶುರುವಾಗುತ್ತವೆ.