ಕೆಳಗಿಳಿದ ಟ್ಯೂಬ್‌ಲೈಟಿನ ಬಿಚ್ಚುಮಾತು

ಮೈಸೂರಿನ ಸರಸ್ವತಿಪುರಂನ ಹಳೆಯ ಮನೆಯೊಂದರಲ್ಲಿ ರಿನೋವೇಶನ್ ಭರದಿಂದ ಸಾಗಿದೆ. ನಡುಮನೆಯ ಗೋಡೆಯಿಂದ ಕೆಳಗಿಳಿದು ಸಿಮೆಂಟ್ ಚೀಲಕ್ಕೆ ಒರಗಿದ್ದ ನಾಲ್ಕಡಿಯ ಟ್ಯೂಬ್‌ಲೈಟ್ ಸಂದರ್ಶನಕ್ಕೆ ತಕ್ಷಣ ಒಪ್ಪಿತು. ತಕ್ಷಣ ಅಂದರೆ, ನಾಲ್ಕೈದು ಸಲ ಮಿಟುಕಿದ ಮೇಲೆ.

ಕೆಲಸ ಹೋದದ್ದಕ್ಕೆ ಬೇಸರವಿದೆಯೇ ಎಂದು ಸಂದರ್ಶಕರು ಕೇಳಿದರು.

"ಬೇಸರ ಯಾಕೆ ಸ್ವಾಮಿ? ನಾನು 40 ವ್ಯಾಟ್ ತಿನ್ನುತ್ತಿದ್ದೆ. ಜೊತೆಗಿದ್ದ ಚೋಕ್ ಬಿಸಿಯಾಗುವುದಕ್ಕೇ ಇನ್ನು ಹತ್ತು ಹನ್ನೆರಡು ವ್ಯಾಟ್ ತಿನ್ನುತ್ತಿತ್ತು. ಈಗಿನ ಎಲ್‌ಇಡಿ ಬ್ಯಾಟನ್ 20 ವ್ಯಾಟಿನಲ್ಲಿ ಅದೇ ಚಾಕರಿ ಮಾಡುತ್ತದೆ. ನೀಲಿ ಎಲ್‌ಇಡಿ ಮಾಡಿದ ಮೂವರಿಗೆ 2014ರಲ್ಲಿ ನೊಬೆಲ್ ಬಂತು. ನನಗೆ ಆಯುಧಪೂಜೆಯ ಹಿಂದಿನ ದಿನ ಒದ್ದೆಬಟ್ಟೆಯ ಸೇವೆ ಸಿಕ್ಕಿತು. ಸಾಕು."

ಹಾಗಾದರೆ ದೂರು ಯಾರ ಮೇಲೆ?

"ಈ ಮನೆಯವರ ಲೈಟಿಂಗ್ ಪ್ಲ್ಯಾನ್ ಮೇಲೆ! ಮೊಬೈಲಿನಲ್ಲಿ ಯಾರದೋ ಮನೆಯ ಫೋಟೋ ನೋಡಿ ಜಿಪ್ಸಮ್ ಸೀಲಿಂಗಿಗೆ ಹದಿನಾರು ತೂತು ಅಂತ ನಿರ್ಧಾರ ಮಾಡಿದರು. ತೂತು ಎಣಿಸಿದರೇ ಹೊರತು, ಯಾರು ಎಲ್ಲಿ ಕೂತು ಏನು ಮಾಡುತ್ತಾರೆ ಅಂತ ಒಬ್ಬರೂ ಕೇಳಲಿಲ್ಲ. ಅಜ್ಜಿ ಪೇಪರ್ ಓದುವ ಕುರ್ಚಿ ಕಿಟಕಿ ಪಕ್ಕದ್ದು. ಅರವತ್ತರ ಕಣ್ಣಿನೊಳಕ್ಕೆ ಹೋಗುವ ಬೆಳಕು, ಇಪ್ಪತ್ತರ ಕಣ್ಣಿಗೆ ಹೋಗುವುದರ ಸುಮಾರು ಮೂರನೇ ಒಂದು ಪಾಲು. ಅಜ್ಜಿಗೆ ಎಂಬತ್ತು. ಹದಿನಾರರಲ್ಲಿ ಒಂದಾದರೂ ಆ ಕುರ್ಚಿಯ ಕಡೆಗಿದೆಯೇ? ಹದಿನಾರೂ ನೆಲದ ಟೈಲ್ಸ್ ನೋಡುತ್ತವೆ."

ಅಷ್ಟರಲ್ಲಿ ಯಜಮಾನರು ಹಾದುಹೋಗುತ್ತಾ, ಮನೆ ಅರಮನೆಯ ಹಾಗೆ ಝಗಮಗಿಸಬೇಕು ಎಂದರು.

"ಅರಮನೆಯ ಸುಮಾರು 97,000 ಬಲ್ಬು ಇರುವುದು ಹೊರಗೆ ನಿಂತು ನೋಡುವವರಿಗೆ," ಎಂದು ಟ್ಯೂಬ್‌ಲೈಟ್ ಗೊಣಗಿತು. "ಆ ಬೆಳಕಿನಲ್ಲಿ ಯಾರೂ ಹುರುಳಿಕಾಯಿ ಹೆಚ್ಚುವುದಿಲ್ಲ."

ಮಾತು ಅಡುಗೆಮನೆಗೆ ತಿರುಗಿದ್ದು ಹಾಗೆ. ಅಲ್ಲಿ ಸೀಲಿಂಗಿನ ನಟ್ಟನಡುವೆ ಒಂದು ದೀಪ. ಕಟ್ಟೆಯ ಮುಂದೆ ನಿಂತವರ ಬೆನ್ನಿಗೆ ಬೆಳಕು, ಈಳಿಗೆಮಣೆಗೆ ಅವರದೇ ನೆರಳು. ಹೆಚ್ಚುವ ಜಾಗಕ್ಕೆ 300 ಲಕ್ಸ್‌ಗೆ ಕಡಿಮೆಯಿಲ್ಲದ ಬೆಳಕು ಬೇಕು. ಮೇಲಿನ ಕಪಾಟಿನ ತಳಕ್ಕೆ ಒಂದು ಎಲ್‌ಇಡಿ ಪಟ್ಟಿ ಅಂಟಿಸಿದರೆ ಸಮಸ್ಯೆಯೇ ಇಲ್ಲ. ಸಾವಿರಾರು ರೂಪಾಯಿಯ ತೂಗುದೀಪಕ್ಕೆ ಒಪ್ಪಿದ ಮನೆ ಈ ಪಟ್ಟಿಗೆ "ದುಡ್ಡು ದಂಡ" ಎಂದಿತಂತೆ. ಕನ್ನಡಿಯದೂ ಅದೇ ಕಥೆ: ಮುಖದ ಎರಡೂ ಬದಿಗೆ ಇರಬೇಕಾದ ದೀಪ ನೆತ್ತಿಯ ಮೇಲೆ ಕೂತಿದೆ, ಕಣ್ಣಿನ ಕೆಳಗೆ ಕಪ್ಪು ಬಿದ್ದವರು ವೈದ್ಯರನ್ನು ಹುಡುಕುತ್ತಾರೆ.

ಬೆಳಕಿನ ಬಣ್ಣದ ವಿಷಯ ಎತ್ತಿದಾಗ ಟ್ಯೂಬ್‌ಲೈಟಿಗೆ ನಗು ತಡೆಯಲಾಗಲಿಲ್ಲ. "ನಡುಮನೆಗೆ ಒಂದು ಅಂಗಡಿಯಿಂದ 3000 ಕೆಲ್ವಿನ್, ಊಟದ ಮನೆಗೆ ಇನ್ನೊಂದು ಅಂಗಡಿಯಿಂದ 6500. ಒಂದು ಹಳದಿ, ಇನ್ನೊಂದು ಬಿಳಿನೀಲಿ. ಬಾಗಿಲು ದಾಟಿದರೆ ಮದುವೆ ಮನೆಯಿಂದ ಆಸ್ಪತ್ರೆಗೆ ಬಂದ ಹಾಗೆ. ಡಬ್ಬದ ಮೇಲೆ ಸಿಆರ್‌ಐ ಅಂತ ಒಂದು ಅಂಕಿ ಇರುತ್ತದೆ, ಓದುವವರಿಲ್ಲ. ಅದು 90ರ ಹತ್ತಿರವಿದ್ದರೆ ಮೈಸೂರು ಸಿಲ್ಕಿನ ಕೆಂಪು ಕೆಂಪಾಗಿಯೇ ಕಾಣುತ್ತದೆ. ಕಡಿಮೆಯಾದರೆ ಸೀರೆ ಮಂಕು, ಬೈಗುಳ ಅಂಗಡಿಯವನಿಗೆ."

ಕರೆಂಟ್ ಬಿಲ್ಲಿನ ಚಿಂತೆ? ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆ ಇದೆಯಲ್ಲ ಎನ್ನುತ್ತಾರಂತೆ. ತಿಂಗಳಿಗೆ 200 ಯೂನಿಟ್ ದಾಟಿದರೆ ಬಿಲ್ ಪೂರ್ತಿ ಕಟ್ಟಬೇಕು ಎಂಬ ಸಾಲನ್ನು ಯಾರೂ ಗಟ್ಟಿಯಾಗಿ ಓದುವುದಿಲ್ಲ.

ಎಲೆಕ್ಟ್ರಿಷಿಯನ್ ತಪ್ಪೇನೂ ಇಲ್ಲವೇ ಎಂಬ ಪ್ರಶ್ನೆಗೆ ಉತ್ತರ ಖಾರವಾಗಿತ್ತು. "ಪಾಪ, ಅವನನ್ನು ಕರೆದದ್ದೇ ಗಾರೆ ಮುಗಿದ ಮೇಲೆ. ಗೋಡೆಗೆ ಪೈಪ್ ಕೂರಿಸುವುದು ಪ್ಲಾಸ್ಟರಿಂಗ್‌ಗೆ ಮುಂಚೆ. ಈಗ ಮಂಚದ ಪಕ್ಕ ಟೂ-ವೇ ಸ್ವಿಚ್ ಬೇಕೆಂದರೆ ಹೊಸ ಗೋಡೆ ಮತ್ತೆ ಕೊರೆಯಬೇಕು. ಇನ್ನೊಂದು ಎಡವಟ್ಟು: ಎಲ್‌ಇಡಿಗಿಂತ ಮೊದಲು ಕೈಕೊಡುವುದು ಅದಕ್ಕೆ ಕರೆಂಟ್ ಹದಮಾಡಿ ಕೊಡುವ ಡ್ರೈವರ್. ಸೀಲಿಂಗಿನ ಅಂಚಿನಲ್ಲಿ ಅಡಗಿರುವ ಕೋವ್ ಲೈಟಿನ ಡ್ರೈವರನ್ನು ಕೈ ಹಾಕಲು ಜಾಗ ಬಿಡದೆ ಸೀಲಿಂಗಿನೊಳಗೆ ಮುಚ್ಚಿಬಿಟ್ಟಿದ್ದಾರೆ. ಅದು ಕೆಟ್ಟ ದಿನ ಸೀಲಿಂಗ್ ಕುಯ್ಯುವುದೇ ರಿಪೇರಿ. ನನ್ನ ಸ್ಟಾರ್ಟರ್ ಬದಲಿಸಲು ಒಂದು ಸ್ಟೂಲ್ ಸಾಕಿತ್ತು."

ಕೊನೆಯ ಆಸೆ ಏನಾದರೂ ಇದೆಯೇ ಎಂದಾಗ ಅದರ ದನಿ ಗಂಭೀರವಾಯಿತು. "ನನ್ನ ಹೊಟ್ಟೆಯಲ್ಲಿ ಕೆಲವು ಮಿಲಿಗ್ರಾಂ ಪಾದರಸ ಇದೆ. ಗಾರೆ ಕಸದ ಜೊತೆ ಟ್ರ್ಯಾಕ್ಟರಿಗೆ ಎಸೆಯಬೇಡಿ, ಒಡೆಯಬೇಡಿ. ಇ-ತ್ಯಾಜ್ಯ ನಿಯಮದ ಪಟ್ಟಿಯಲ್ಲಿ ನನ್ನ ಹೆಸರಿದೆ, ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೇ ಕೊಡಿ."