ಹಂಗಾಮಿ ಮೇಷ್ಟ್ರು

ಗೇರುಮರದಲ್ಲಿ ಮೊದಲ ಹಣ್ಣು ಕೆಂಪಾಗುವುದಕ್ಕೂ ಅವನು ಟ್ರೋಟ್ರೋದಿಂದ ಇಳಿಯುವುದಕ್ಕೂ ಹೆಚ್ಚೆಂದರೆ ಒಂದು ವಾರದ ಅಂತರ. ಟ್ರೋಟ್ರೋ ಅಂದರೆ ನಮ್ಮ ಮ್ಯಾಕ್ಸಿಕ್ಯಾಬಿನ ಘಾನಾ ಅವತಾರ: ತುಂಬುವ ತನಕ ಹೊರಡುವುದಿಲ್ಲ, ತುಂಬಿತೆಂದು ಒಪ್ಪಿಕೊಳ್ಳುವುದೂ ಇಲ್ಲ. ಅದರ ಬಾಗಿಲಿಂದ ಮೊದಲು ಒಂದು ಬ್ಯಾಗು ಹೊರಗೆ ಬರುತ್ತದೆ. ಅದಕ್ಕೆ ಸುತ್ತಿದ ಚಾಪೆ, ನೇತಾಡುವ ಸ್ಟೀಲ್ ಬಾಟಲಿ, ಕೆರೆ ನೀರನ್ನೂ ತೀರ್ಥ ಮಾಡುವ ಒಂದು ಯಂತ್ರ. ಬ್ಯಾಗಿನ ಹಿಂದೆ, ಬ್ಯಾಗಿಗೇ ಹೊಲಿದಂತೆ, ಹತ್ತೊಂಬತ್ತು ವರ್ಷದ ಹುಡುಗ. ಪ್ಯಾಂಟಿಗೆ ಹನ್ನೊಂದು ಜೇಬು. ಒಂದರಲ್ಲಿ ಸೊಳ್ಳೆ ಸ್ಪ್ರೇ, ಒಂದರಲ್ಲಿ ಮಲೇರಿಯಾ ಮಾತ್ರೆ, ಎದೆಗೆ ಹತ್ತಿರದ್ದರಲ್ಲಿ ಹಳದಿಜ್ವರದ ಚುಚ್ಚುಮದ್ದಿನ ಹಳದಿ ಪುಸ್ತಕ.

ನಾನು ಮಂಗಳೂರು ಕಡೆಯ ಕಾರ್ಖಾನೆಗಳಿಗೆ ಕಚ್ಚಾ ಗೇರುಬೀಜ ಖರೀದಿಸಿ ಕಳಿಸುವವನು. ವೆಂಚಿ ಪೇಟೆಯಿಂದ ಸಾಂಪಾಕ್ಕೆ ಹೋಗುವ ರಸ್ತೆಯ ಒಂದು ಹಳ್ಳಿಯಲ್ಲಿ ಫೆಬ್ರವರಿಯಿಂದ ಜೂನ್‌ವರೆಗೆ ನನ್ನ ಬಿಡಾರ. ಗೋದಾಮಿನ ಎದುರಿಗೇ ಶಾಲೆ. ಆರು ಹಂಗಾಮಿನಲ್ಲಿ ಇಂಥ ಆರು ಮೇಷ್ಟ್ರುಗಳನ್ನು ನೋಡಿದ್ದೇನೆ. ಇಂಗ್ಲೆಂಡು, ಜರ್ಮನಿ, ಒಮ್ಮೆ ಡೆನ್ಮಾರ್ಕ್. ಎರಡು ಸಲ ‘ಅವನು’ ಅವಳಾಗಿದ್ದಳು. ಮುಖ ಬದಲಾಗುತ್ತದೆ, ಬ್ಯಾಗು ಬದಲಾಗುವುದಿಲ್ಲ. ಹಾಗಾಗಿ ಆರನ್ನೂ ಒಂದೇ ಚೀಲಕ್ಕೆ ಹಾಕಿ ಬರೆಯುತ್ತಿದ್ದೇನೆ. ನಮ್ಮ ದಂಧೆಯಲ್ಲಿ ಚೀಲ ನೋಡಿ ದರ ಹೇಳುವ ಪದ್ಧತಿಯಿಲ್ಲ. ಒಂದು ಕಿಲೋ ತೆಗೆದು, ಎಣಿಸಿ, ಒಂದೊಂದನ್ನೂ ಕತ್ತರಿಸಿ, ತಿರುಳೆಷ್ಟು, ಜೊಳ್ಳೆಷ್ಟು, ಕಲೆ ಬಿದ್ದದ್ದೆಷ್ಟು ಎಂದು ತೂಗಿ ಆಮೇಲೆ ಮಾತು. ಮನುಷ್ಯರನ್ನೂ ಹೀಗೆ ನೋಡುವ ಅಭ್ಯಾಸ ಒಳ್ಳೆಯದಲ್ಲ ಎಂದು ಹೆಂಡತಿ ಹೇಳುತ್ತಾಳೆ. ಅವಳನ್ನು ನೋಡಲು ಹೋದಾಗಲೂ ಹಾಗೇ ನೋಡಿದ್ದೆನಂತೆ.

ಮೊದಲ ವರ್ಷ ಫೋನಿನಲ್ಲಿ ಅಮ್ಮನಿಗೆ ಇವನ ಸುದ್ದಿ ಹೇಳಿದೆ.

“ಸಂಬಳ ಇಲ್ಲದೆ ಪಾಠ ಹೇಳ್ಲಿಕ್ಕೆ ಅಷ್ಟು ದೂರ ಬಂದದ್ದಾ? ಅವನ ಊರಲ್ಲಿ ಶಾಲೆ ಇಲ್ವಂತಾ?”

“ಸಂಬಳ ಇಲ್ಲದ್ದು ಮಾತ್ರ ಅಲ್ಲಮ್ಮ, ಅವನೇ ಒಂದು ಸಂಸ್ಥೆಗೆ ದುಡ್ಡು ಕಟ್ಟಿ ಬಂದಿದ್ದಾನೆ.”

ಸ್ವಲ್ಪ ಹೊತ್ತು ಆ ಕಡೆಯಿಂದ ಮಾತಿಲ್ಲ. “ಪಾಪ, ಮನೆಯಲ್ಲಿ ಏನೋ ಗಲಾಟೆ ಮಾಡಿಕೊಂಡು ಬಂದಿರಬೇಕು. ಊಟಕ್ಕೆ ಕರಿ.”

ಈ ಕುಲಕ್ಕೆ ವಂಶಾವಳಿಯೂ ಉಂಟು. ಬ್ರಿಟಿಷರ ಸ್ವಯಂಸೇವಕ ಸಂಸ್ಥೆ ವಿಎಸ್ಒ 1958ರಲ್ಲಿ ಶುರುವಾದಾಗ ಹೊರಟವರು ಇವನ ಹಾಗೆಯೇ ಆಗಷ್ಟೇ ಶಾಲೆ ಮುಗಿಸಿದ ಹುಡುಗರು. ಕೆನೆಡಿಯ ಪೀಸ್ ಕೋರ್‌ನ ಮೊಟ್ಟಮೊದಲ ತಂಡ 1961ರ ಆಗಸ್ಟ್ 30ರಂದು ಇಳಿದದ್ದೂ ಇದೇ ಘಾನಾದ ಅಕ್ರಾದಲ್ಲಿ. ಐವತ್ತು ಚಿಲ್ಲರೆ ಅಮೆರಿಕನ್ನರು ವಿಮಾನದಿಂದ ಇಳಿದವರೇ ಸಾಲಾಗಿ ನಿಂತು ಟ್ವಿ ಭಾಷೆಯಲ್ಲಿ ಹಾಡಿದರಂತೆ. ಆಗಿನ್ನೂ ದೇಶ ಸ್ವತಂತ್ರವಾಗಿ ನಾಲ್ಕು ವರ್ಷ, ಹೈಸ್ಕೂಲುಗಳಿಗೆ ಮೇಷ್ಟ್ರುಗಳು ನಿಜಕ್ಕೂ ಬೇಕಿತ್ತು, ಬಂದವರ ಹತ್ತಿರ ಡಿಗ್ರಿಯೂ ಇತ್ತು. ನಮ್ಮವನಿಗೆ ಡಿಗ್ರಿ ಇನ್ನು ಮುಂದೆ ಬರಬೇಕು. ಅದಕ್ಕೆ ಅರ್ಜಿ ಹಾಕುವಾಗ ಬರೆಯಲು ಒಂದು ಒಳ್ಳೆಯ ಪ್ಯಾರಾ ಬೇಕು. ಆ ಪ್ಯಾರಾ ಇಲ್ಲಿದೆ.

ಬಂದ ಮರುದಿನ ಅವನನ್ನು ಊರ ಮುಖ್ಯಸ್ಥರ ಮುಂದೆ ಕೂರಿಸುತ್ತಾರೆ. ಮುಖ್ಯಸ್ಥರನ್ನು ನಾನಾ ಎನ್ನಬೇಕು, ನೇರವಾಗಿ ಮಾತಾಡಿಸಬಾರದು. ನಡುವೆ ಕೋಲು ಹಿಡಿದ ಒಕ್ಯಾಮೆ ಇರುತ್ತಾನೆ, ಆಡಿದ ಮಾತೆಲ್ಲ ಅವನ ಬಾಯಿಂದ ಹಾದೇ ಹೋಗಬೇಕು. ಮೊದಲು ಕುಡಿಯಲು ನೀರು. ಆಮೇಲೆ ‘ಬಂದ ಕಾರಣವೇನು?’ ಎಂಬ ಪ್ರಶ್ನೆ. ಕಾರಣ ಊರಿಗೆಲ್ಲ ಮೊದಲೇ ಗೊತ್ತಿದ್ದರೂ ಕೇಳಲೇಬೇಕು, ಹೇಳಲೇಬೇಕು. ಬೆಲ್ಲ-ನೀರು ಕೊಟ್ಟ ಮೇಲೆಯೇ ವಿಷಯಕ್ಕೆ ಬರುತ್ತಿದ್ದ ನಮ್ಮ ಅಜ್ಜಂದಿರು ಇದ್ದಿದ್ದರೆ ಇಲ್ಲಿ ಆರಾಮಾಗಿ ಕಾಲು ಚಾಚುತ್ತಿದ್ದರು. ನಮ್ಮ ಹುಡುಗ ಎದ್ದು ನಿಂತು ಕಾಲು ಗಂಟೆ ಮಾತಾಡಿದ. ಶಿಕ್ಷಣ, ಅವಕಾಶ, ಬದಲಾಗುತ್ತಿರುವ ಜಗತ್ತು, ತನ್ನ ಅಜ್ಜಿಯೂ ಮೇಷ್ಟರಮ್ಮ ಆಗಿದ್ದದ್ದು. ಕೊನೆಯಲ್ಲಿ ಕಣ್ಣು ಒದ್ದೆ. ಒಕ್ಯಾಮೆ ಗಂಟಲು ಸರಿಮಾಡಿಕೊಂಡು ಎರಡೇ ವಾಕ್ಯದಲ್ಲಿ ಮುಗಿಸಿದ. ಪಕ್ಕದವನು ನನಗೆ ಕಿವಿಯಲ್ಲಿ ಹೇಳಿದ: “ಹುಡುಗ ಬಂದಿದ್ದಾನೆ. ಬಂದದ್ದು ಮನೆಯವರಿಗೆ ಗೊತ್ತಿದೆ.” ನಾನಾ ತಲೆಯಾಡಿಸಿ ಏನೋ ಕೇಳಿದರು. ಒಕ್ಯಾಮೆ ಅದನ್ನು ಗಂಭೀರವಾಗಿ ಇಂಗ್ಲಿಷಿಗೆ ತಂದ: “ಊಟ ಆಯಿತಾ ಎಂದು ಕೇಳುತ್ತಿದ್ದಾರೆ.”

ಊಟ ಅಂದರೆ ಫುಫು. ಮರಗೆಣಸು, ಬಾಳೆಕಾಯಿ ಬೇಯಿಸಿ ಒರಳಿಗೆ ಹಾಕಿ, ಒಬ್ಬಳು ತಿರುವಿಕೊಡುತ್ತಿರುವಾಗಲೇ ಇನ್ನೊಬ್ಬ ಒನಕೆಯಲ್ಲಿ ಕುಟ್ಟಿ, ಬೆರಳು ಹೇಗೆ ಉಳಿಯಿತೋ ಎಂದು ನಾವು ಬೆರಗಾಗುವಷ್ಟರಲ್ಲಿ ಮುದ್ದೆ ತಯಾರು. ಅದನ್ನು ಸಾರಿನಲ್ಲಿ ಅದ್ದಿ ನುಂಗಬೇಕು, ಅಗಿಯಬಾರದು. ಮಂಡ್ಯದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕರಾವಳಿಯ ಗಂಜಿಯವನಾದ ನನಗೇ ಎರಡು ಹಂಗಾಮು ಹಿಡಿಯಿತು. ಅವನು ಅಗಿದ. ಅಗಿದದ್ದನ್ನು ನೋಡಲು ಪಕ್ಕದ ಮನೆಯಿಂದ ಮಕ್ಕಳನ್ನು ಕರೆಸಲಾಯಿತು.

ಹೆಸರಿಡುವ ಶಾಸ್ತ್ರವೂ ಆ ವಾರವೇ. ಇಲ್ಲಿಯ ಆಕಾನ್ ಜನರಲ್ಲಿ ಹುಟ್ಟಿದ ವಾರವೇ ಹೆಸರು: ಶನಿವಾರದವನು ಕ್ವಾಮೆ, ಶುಕ್ರವಾರದವನು ಕೋಫಿ. ಘಾನಾದ ಮೊದಲ ಅಧ್ಯಕ್ಷ ನ್ಕ್ರುಮಾ ಕ್ವಾಮೆ ಆದದ್ದು, ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿಯಾಗಿದ್ದ ಅನ್ನಾನ್ ಕೋಫಿ ಆದದ್ದು ಹೀಗೆ. ಯಾವ ವಾರ ಹುಟ್ಟಿದ್ದು ಎಂದರೆ ಅವನಿಗೆ ಗೊತ್ತಿಲ್ಲ! ಹುಟ್ಟಿದ ವಾರವೇ ತಿಳಿಯದವನು ಪಾಠ ಏನು ಹೇಳಿಯಾನು ಎಂದು ಅಜ್ಜಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೊಬೈಲಿನಲ್ಲಿ ಹುಡುಕಿ ಬುಧವಾರ ಎಂದ. ಹಾಗಾದರೆ ಕ್ವಾಕು. ಮಕ್ಕಳು ಹೊಟ್ಟೆ ಹಿಡಿದುಕೊಂಡು ನಕ್ಕವು. ಇವರ ಕಥೆಗಳಲ್ಲಿ ಎಲ್ಲರಿಗೂ ಟೋಪಿ ಹಾಕಲು ಹೋಗಿ ಕೊನೆಗೆ ತಾನೇ ಬಲೆಗೆ ಬೀಳುವ ಜೇಡ ಒಂದಿದೆ, ಅನಾನ್ಸೆ. ಅದೂ ಕ್ವಾಕು. ನಮ್ಮವನಿಗೆ ಇದನ್ನು ಯಾರೂ ಹೇಳಲಿಲ್ಲ. ಹೊಸ ಹೆಸರನ್ನು ಅಂಗಿಯ ಮೇಲೆ ಬರೆದುಕೊಂಡು ಓಡಾಡಿದ.

ಇನ್ನು ಪಾಠ. ಐವತ್ತನಾಲ್ಕು ಮಕ್ಕಳು, ಒಂದೊಂದು ಬೆಂಚಿಗೆ ನಾಲ್ಕು, ಕಿಟಕಿಯಲ್ಲಿ ಒಂದು ಮೇಕೆ. ಅವನು ಮೊದಲ ದಿನವೇ ಬೆಂಚುಗಳನ್ನೆಲ್ಲ ಸರಿಸಿ ವೃತ್ತಾಕಾರವಾಗಿ ಇಡಿಸಿದ. ವೃತ್ತ ಕೋಣೆಗೆ ಹಿಡಿಸಲಿಲ್ಲ, ಹನ್ನೆರಡು ಮಕ್ಕಳು ವರಾಂಡಕ್ಕೆ ಹೋದವು. ಮಾತು ಶುರುಮಾಡಿದ. ಮುಂದಿನ ಬೆಂಚಿನ ಹುಡುಗಿ ಎದ್ದು ವಿನಯದಿಂದ, “ಪ್ಲೀಸ್ ಸರ್, ವಿ ಡೋಂಟ್ ಹಿಯರ್” ಎಂದಳು. ಅವನು ದನಿ ಏರಿಸಿದ. “ಪ್ಲೀಸ್ ಸರ್, ವಿ ಡೋಂಟ್ ಹಿಯರ್.” ಇನ್ನೂ ಏರಿಸಿದ. ಗೋದಾಮಿನಲ್ಲಿ ಚೀಲ ಹೊಲಿಯುತ್ತಿದ್ದ ನಮ್ಮ ಹಮಾಲರಿಗೆ ಆ ವಾರ ಕ್ರಿಯಾಪದದ ಮೂರೂ ಕಾಲಗಳು ಬಾಯಿಪಾಠವಾದವು. ಎರಡನೇ ವಾರ ಗಂಟಲು ಕಟ್ಟಿ ಬಿಸಿನೀರು ಕುಡಿಯುತ್ತ ಕೂತಿದ್ದಾಗ ಹೆಡ್‌ಮಾಸ್ಟರು ಹೇಳಿದರು: ಟ್ವಿಯಲ್ಲಿ ಕೇಳುವುದಕ್ಕೂ ತಿಳಿಯುವುದಕ್ಕೂ ಒಂದೇ ಪದ. ಇಲ್ಲಿಯ ಇಂಗ್ಲಿಷಿನಲ್ಲಿ ‘ಹಿಯರ್’ ಅಂದರೆ ಅರ್ಥವಾಗುವುದು. ಮಕ್ಕಳ ಕಿವಿ ಚೆನ್ನಾಗಿದೆ. ಅವನ ಇಂಗ್ಲಿಷೇ ಮೂಗಿನಿಂದ ಬರುತ್ತದೆ.

ಇನ್ನೊಂದು ದಿನ ‘ಅನ್ಯಾಯ’ ಎಂಬ ಪದ. ಉದಾಹರಣೆ ಕೊಡಿ ಎಂದ. ಬಡತನ, ಬರ, ಹೆಣ್ಣುಮಕ್ಕಳ ಶಿಕ್ಷಣ, ಹೀಗೆ ಏನೋ ಬರುತ್ತದೆಂದು ಸೀಮೆಸುಣ್ಣ ಹಿಡಿದು ಕಾದ. ಇಡೀ ಕ್ಲಾಸು ಒಂದೇ ಬಾಯಲ್ಲಿ, “ಸುವಾರೆಸ್!” 2010ರ ವಿಶ್ವಕಪ್ ಕ್ವಾರ್ಟರ್‌ಫೈನಲ್‌ನಲ್ಲಿ ಉರುಗ್ವೆಯ ಸುವಾರೆಸ್ ಗೋಲಾಗುತ್ತಿದ್ದ ಚೆಂಡನ್ನು ಕೈಯಲ್ಲಿ ತಡೆದು, ಸಿಕ್ಕ ಪೆನಾಲ್ಟಿಯನ್ನು ಘಾನಾದ ಗ್ಯಾನ್ ಅಡ್ಡಪಟ್ಟಿಗೆ ಹೊಡೆದು, ಘಾನಾ ಸೋತದ್ದು ಆಗ ಹುಟ್ಟಿಯೇ ಇರದ ಈ ಮಕ್ಕಳಿಗೂ ಇನ್ನೂ ಹಸಿ ಗಾಯ. ಆ ದಿನದ ಮಟ್ಟಿಗೆ ಅವನಿಗೂ ಮಕ್ಕಳಿಗೂ ಪೂರ್ತಿ ‘ಹಿಯರ್’ ಆಯಿತು.

ಅವನು ಮಕ್ಕಳೊಂದಿಗೆ ತೆಗೆಸಿಕೊಳ್ಳುವ ಫೋಟೋ ವಿಷಯ ಎಲ್ಲರೂ ಬರೆದು ಹಳಸಿದೆ, ಬಿಟ್ಟುಬಿಡುತ್ತೇನೆ. ಒಂದೇ ಮಾತು. ಫೋಟೋದಲ್ಲಿ ಎಂದೂ ಬೀಳದ ಒಬ್ಬ ಅದೇ ಶಾಲೆಯಲ್ಲಿದ್ದಾನೆ. ಕುಮಾಸಿಯ ಹುಡುಗ, ಡಿಗ್ರಿ ಮುಗಿಸಿದವನು. ಈ ದೇಶದಲ್ಲಿ 1973ರಿಂದ ಒಂದು ಪದ್ಧತಿಯಿದೆ: ಕಾಲೇಜು ಮುಗಿಸಿದವರು ಒಂದು ವರ್ಷ ರಾಷ್ಟ್ರೀಯ ಸೇವೆ ಮಾಡುತ್ತಾರೆ. ಬಹಳ ಮಂದಿ ಇಂಥ ಹಳ್ಳಿ ಶಾಲೆಗಳಿಗೇ ಬೀಳುತ್ತಾರೆ. ಇವನೂ ಊರು ಬಿಟ್ಟು ಬಂದವನೇ, ಇವನಿಗೂ ಮನೆ ನೆನಪಾಗುತ್ತದೆ, ಇವನಿಗೂ ಮಲೇರಿಯಾ ಬರುತ್ತದೆ. ಲೆಕ್ಕ ಕಲಿಸುತ್ತಾನೆ, ನಮ್ಮ ಹುಡುಗನ ಇಂಗ್ಲಿಷನ್ನು ಇಂಗ್ಲಿಷಿಗೆ ಅನುವಾದಿಸುತ್ತಾನೆ, ಭತ್ಯೆ ತಡವಾದ ತಿಂಗಳು ನನ್ನ ಹತ್ತಿರ ಕೈಗಡ ಕೇಳುತ್ತಾನೆ. ಗುಂಪು ಫೋಟೋ ತೆಗೆಯುವಾಗ ಕ್ಯಾಮೆರಾ ಹಿಡಿಯುವುದು ಇವನೇ.

ಮಾರ್ಚ್ ಹೊತ್ತಿಗೆ ಬೀಜ ಜೋರಾಗಿ ಬೀಳತೊಡಗಿತು. ಒಂದು ಬೆಳಗ್ಗೆ ಅವನು ಹಾಜರಿ ಪುಸ್ತಕ ಹಿಡಿದುಕೊಂಡು ಗೋದಾಮಿಗೆ ಬಂದ. ಐವತ್ತನಾಲ್ಕರಲ್ಲಿ ಇಪ್ಪತ್ತಮೂರು ಮಂದಿ ಹಾಜರು. ಉಳಿದವರು ತೋಟದಲ್ಲಿ ಬೀಜ ಹೆಕ್ಕುತ್ತಿದ್ದಾರೆ. “ನನ್ನ ಅರ್ಧ ಕ್ಲಾಸು ನಿಮ್ಮ ಚೀಲದಲ್ಲಿದೆ” ಎಂದ. ನಾನು ಸೂಜಿ ಕೆಳಗಿಟ್ಟೆ. ಬೀಜ ಮಾರಿದ ದುಡ್ಡಿನಲ್ಲೇ ಈ ಮಕ್ಕಳ ಸಮವಸ್ತ್ರ, ಚಪ್ಪಲಿ, ಪುಸ್ತಕ ಬರುತ್ತದೆ, ನಾನಾದರೂ ನಿನ್ನಂತೆ ಬರಿಗೈಯಲ್ಲಿ ಬಂದಿಲ್ಲ, ಚೀಲಕ್ಕೆ ಇಷ್ಟು ಎಂದು ಎಣಿಸಿ ಕೊಡುತ್ತೇನೆ ಎಂದೆಲ್ಲ ಹೇಳಿದೆ. ಹೇಳುತ್ತ ಹೇಳುತ್ತ ನನ್ನ ಮಾತು ನನಗೇ ಮಳೆಗೆ ನೆನೆದ ಗೋಣಿಯ ಹಾಗೆ ಮುಗ್ಗಲು ವಾಸನೆ ಬಂತು. ಈ ಕುಲದವರದ್ದು ಇದೇ ತೊಂದರೆ. ಒಂಬತ್ತು ಮಾತು ಜೊಳ್ಳಾಡಿ ಹತ್ತನೆಯದನ್ನು ಗಟ್ಟಿ ತಿರುಳೇ ಹೇಳಿಬಿಡುತ್ತಾರೆ. ಮಕ್ಕಳು ತರುವ ಬೀಜವನ್ನು ಶಾಲೆ ಬಿಡುವ ಮೊದಲು ಕೊಳ್ಳುವುದಿಲ್ಲ ಎಂದು ನಾನು ಒಂದು ನಿಯಮ ಮಾಡಿದೆ. ಮಕ್ಕಳು ರಸ್ತೆಯಾಚೆಯ ಇನ್ನೊಬ್ಬ ವ್ಯಾಪಾರಿಗೆ ಕೊಟ್ಟವು. ಮೂರನೇ ದಿನ ನಿಯಮ ಬಿಟ್ಟೆ.

ಮಕ್ಕಳು ಶಾಲೆಗೆ ಬರದಿದ್ದರೆ ಶಾಲೆಯೇ ಮಕ್ಕಳ ಬಳಿಗೆ ಹೋಗಲಿ ಎಂದು ಅವನು ಕರಿಹಲಗೆ ಹೊತ್ತು ತೋಟಕ್ಕೆ ಹೋದ. ಮರದ ಕೆಳಗೆ ಪಾಠ. ಮಕ್ಕಳು ಹಣ್ಣು ಹಿಂಡಿ ರಸ ಕುಡಿಯುತ್ತ ಕೇಳಿದವು. ಆಮೇಲೆ ಆದದ್ದನ್ನು ನಾನೇ ಕಣ್ಣಾರೆ ಕಂಡೆ. ಗೋಡಂಬಿ ಅಂದರೆ ಡಬ್ಬಿಯಲ್ಲಿ ಹುರಿದು ಉಪ್ಪು ಹಾಕಿ ಬರುವ ಪದಾರ್ಥ ಎಂದು ತಿಳಿದಿದ್ದ ಅವನು, ಅದರ ತಾಯಿಬೇರನ್ನೇ ಕಂಡ ಸಂತೋಷದಲ್ಲಿ ಹಣ್ಣಿನ ತುದಿಯ ಹಸಿಬೀಜವನ್ನು ಕಿತ್ತು, ಹಲ್ಲಿನ ನಡುವೆ ಇಟ್ಟು, ಕಟಕ್ ಎಂದು ಕಚ್ಚಿದ. ನಾನು ‘ಹೋಯ್!’ ಎಂದು ಕೂಗಿದ್ದು ಕನ್ನಡದಲ್ಲಿ. ಹಸಿಬೀಜದ ಸಿಪ್ಪೆಯ ಎಣ್ಣೆ ಏನು ಮಾಡುತ್ತದೆಂದು ನಮ್ಮಲ್ಲಿ ಅಂಗನವಾಡಿ ಮಗುವಿಗೂ ಗೊತ್ತು. ಕಾರ್ಖಾನೆಯ ಹೆಂಗಸರು ಕೈಗೆ ಎಣ್ಣೆ ಹಚ್ಚಿಕೊಳ್ಳದೆ ಬೀಜ ಮುಟ್ಟುವುದಿಲ್ಲ. ಸಂಜೆಯೊಳಗೆ ಅವನ ತುಟಿ ಎರಡು ಬದನೆಕಾಯಿ. ಅಜ್ಜಿಯೊಬ್ಬಳು ಬಂದು ನ್ಕುಟೊ, ಅಂದರೆ ಶಿಯಾ ಬೆಣ್ಣೆ, ಬಳಿದು, ಹಿಡಿದು ಕೂರಿಸಿ, ಮಗುವಿಗೆ ಕೊಡುವಂತೆ ಜೋಳದ ಗಂಜಿ ಹೊಯ್ದಳು. ಸೊಳ್ಳೆ ಸ್ಪ್ರೇಯ ಮೇಲೆ ಬರೆದಿರುವಂಥ ಸೂಚನೆ ಮರದ ಮೇಲೆ ಯಾಕೆ ಬರೆದಿಲ್ಲ ಎಂಬಂತೆ ಅವನು ಮರವನ್ನೇ ನೋಡುತ್ತಿದ್ದ. ನಾಲ್ಕು ದಿನ ಮಾತಿಲ್ಲ. ಆ ನಾಲ್ಕು ದಿನ ಪಾಠ ಮಾಡಿದ್ದು ಮಕ್ಕಳು: ತಗಡಿನಲ್ಲಿ ಬೀಜ ಹಾಕಿ ಬೆಂಕಿಗಿಟ್ಟು, ಹೊಗೆಗೆ ಮುಖ ಕೊಡದೆ ನಿಂತು, ಬೂದಿಗೆ ಬೋರಲು ಹಾಕಿ, ಕಲ್ಲಿನಿಂದ ಒಡೆಯುವುದು ಹೇಗೆ ಎಂದು. ಅವನು ನೋಟ್ಸ್ ಬರೆದುಕೊಂಡ. ಅಷ್ಟು ಶ್ರದ್ಧೆಯಿಂದ ಆ ಶಾಲೆಯಲ್ಲಿ ಯಾರೂ ನೋಟ್ಸ್ ಬರೆದದ್ದಿಲ್ಲ.

ಜೂನ್‌ನಲ್ಲಿ ಬೀಳ್ಕೊಡುಗೆ. ಒಂದು ಮೂಟೆ ಯಾಮ್ ಗೆಡ್ಡೆ, ಒಂದು ಜೀವಂತ ಕೋಳಿ. ಎರಡನ್ನೂ ವಿಮಾನಕ್ಕೆ ಹತ್ತಿಸಲಾಗದೆ ಅತ್ತುಕೊಂಡು ಕುಮಾಸಿಯ ಹುಡುಗನ ಕೈಗೆ ಕೊಟ್ಟ. ನೀರಿನ ಯಂತ್ರವನ್ನೂ ಅವನಿಗೇ ಬಿಟ್ಟುಹೋದ. ಅದರಲ್ಲಿ ಈಗ ಕೋಳಿ ಮೊಟ್ಟೆ ಇಡುತ್ತದೆ.

ಈ ಫೆಬ್ರವರಿಯಲ್ಲಿ ಏಳನೆಯವನು ಬಂದ. ಟ್ರೋಟ್ರೋದಿಂದ ಮೊದಲು ಬ್ಯಾಗು, ಆಮೇಲೆ ಹುಡುಗ. ಮಕ್ಕಳು ‘ಒಬ್ರೂನಿ! ಒಬ್ರೂನಿ!’ ಎಂದು ಕೂಗುತ್ತ ಸುತ್ತುವರಿದವು. ಹೊರಗಿನವನು ಎಂದರ್ಥ, ಆರು ವರ್ಷದಿಂದ ನನ್ನನ್ನೂ ಹಾಗೇ ಕೂಗುವುದು. ನಾಲ್ಕನೇ ಕ್ಲಾಸಿನ ಪೋರನೊಬ್ಬ ಗುಂಪು ಸರಿಸಿ ಮುಂದೆ ಬಂದು, ಹೊಸಬನ ಕೈ ಹಿಡಿದು ಸೀದಾ ಗೋದಾಮಿನ ಪಕ್ಕದ ಗೇರುಮರದ ಕೆಳಗೆ ಕರೆದೊಯ್ದ. ಬೀಜ ತೋರಿಸಿದ. ತನ್ನ ಹಲ್ಲು ತೋರಿಸಿದ. ತುಟಿ ಊದಿಸಿ ಬದನೆಕಾಯಿ ಮಾಡಿ ತೋರಿಸಿದ. ಆಮೇಲೆ ಬೆರಳೆತ್ತಿ, “ಸರ್, ಯು ಹಿಯರ್?” ಎಂದ.

“ಕೇಳಿಸ್ತಾ ಇದೆ, ಚೆನ್ನಾಗಿ ಕೇಳಿಸ್ತಾ ಇದೆ!” ಎಂದು ಅವನು ಇಂಗ್ಲಿಷಿನಲ್ಲಿ ನಕ್ಕು, ಕೊಂಬೆಯತ್ತ ಕೈ ಚಾಚಿದ.